ಅಜ್ಜನ ಪೆಟ್ಟಿಗೆಯೊಳಗಿನ ಕಾಗದಗಳು

ಪಟ್ಟದಕಲ್ಲಿಗೆ ಹೋದವರು ಅಲ್ಲಿಯ ಗುಡಿಗಳ ಬಳಿ ನಿಂತಿರುವ ಒಂದು ಶಾಸನಸ್ತಂಭವನ್ನು ನೋಡಿರಬಹುದು. ಅದು ಚಾಲುಕ್ಯರ ಅರಸನಾದ ಇಮ್ಮಡಿ ಕೀರ್ತಿವರ್ಮನ ಕಾಲದ್ದು, 754ರದು. ಆ ಅರಸನ ಅಜ್ಜನಾದ ವಿಜಯಾದಿತ್ಯನು ಕಟ್ಟಿಸಿದ ವಿಜಯೇಶ್ವರ ಗುಡಿಯ ಹೆಸರು ಅದರಲ್ಲಿ ಕೆತ್ತಲ್ಪಟ್ಟಿದೆ. ನಾವು ಈಗ ಸಂಗಮೇಶ್ವರವೆನ್ನುವದು ಆ ಗುಡಿಯನ್ನೇ. ಅಜ್ಜನು ಏನು ಕಟ್ಟಿಸಿದನೆಂಬದನ್ನು ಕಲ್ಲು ಹೇಳುತ್ತದೆ. ಅವನು ಯಾವದಕ್ಕೆ ಅಂಜಿದನು, ಮಕ್ಕಳ ಸಂಗಡ ಹೇಗೆ ನಡೆದುಕೊಂಡನು ಎಂಬದನ್ನು ಹೇಳುವದಿಲ್ಲ. ಅಂಥ ಸಂಗತಿಗಳು ಉಳಿದರೆ ಪೆಟ್ಟಿಗೆಯ ತಳದಲ್ಲಿರುವ ಅಚ್ಚಾಗದ ಕಾಗದಗಳಲ್ಲಿ ಉಳಿಯುತ್ತವೆ.

ಇದಕ್ಕೆ ಬಾಸೆಲ್ ಮಿಶನಿನ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವಿದೆ. ತಲಚೇರಿಯಲ್ಲಿ ಸೇವೆ ಮಾಡಿದ ಹೆರ್ಮನ್ ಗುಂಡರ್ಟರು (1814–1893) ಮಲಯಾಳದ ದೊಡ್ಡ ನಿಘಂಟನ್ನು ರಚಿಸಿದವರು. ಅದು 1872ರಲ್ಲಿ ನಮ್ಮ ಮಂಗಳೂರಿನಲ್ಲಿ ಅಚ್ಚಾಯಿತು. 1857ರಲ್ಲಿ ಅವರು ಮಲಬಾರ ಮತ್ತು ಕೆನರಾ ಸೀಮೆಗಳ ಶಾಲೆಗಳ ಇನ್ಸ್‌ಪೆಕ್ಟರರಾದರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅವರು ವರುಷಗಟ್ಟಲೆ ಬರೆದಿಟ್ಟ ದಿನಚರಿಗಳು ಅವರು ಬದುಕಿರುವಾಗ ಅಚ್ಚಾಗಲಿಲ್ಲ. ಮಲಬಾರಿನ ದಿನಚರಿಯು 1983ರಲ್ಲಿ, ಅಂದರೆ ಅವರು ತೀರಿಹೋಗಿ 90 ವರುಷಗಳಾದ ಮೇಲೆ, ಆಲ್‌ಬ್ರೆಕ್ಟ್ ಫ್ರೆನ್ಜ್ ಎಂಬವರಿಂದ ಪ್ರಕಟವಾಯಿತು.

ಅದಕ್ಕೂ ಮುಂಚೆ ಒಬ್ಬ ಮೊಮ್ಮಗಳು ಇಂಥ ಕೆಲಸಕ್ಕೆ ಕೈಹಚ್ಚಿದ್ದಳು. ಗುಂಡರ್ಟರ ಮಗಳಾದ ಮರೀಯ ಪತ್ರಗಳನ್ನೂ ದಿನಚರಿಗಳನ್ನೂ ಆಕೆಯ ಮಗಳಾದ ಆಡೆಲೆಯು ಕೂಡಿಸಿ 1934ರಲ್ಲಿ ಪುಸ್ತಕವಾಗಿ ಹೊರಡಿಸಿದಳು. ತಾಯಿಯ ಕಥೆಯೊಳಗೆ ಅಜ್ಜನೂ ಕಾಣಬೇಕಾಯಿತು. ಮರೀಯು ತಲಚೇರಿಯಲ್ಲಿ 1842ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ಯೂರೋಪಿಗೆ ಒಯ್ಯಲ್ಪಟ್ಟು, 1857ರಲ್ಲಿ ತಂದೆತಾಯಿಗಳ ಬಳಿಗೆ ತಿರಿಗಿ ಬಂದಳು. ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಮೇಲೆ ಅವಳ ಮನಸ್ಸು ಹೋಗಿತ್ತು. ತಂದೆಯು ಆ ಸಂಬಂಧಕ್ಕೆ ಒಪ್ಪಲಿಲ್ಲ. ನಿಘಂಟನ್ನು ಎಷ್ಟು ತಿರುವಿದರೂ ಆ ಹುಡುಗಿಯ ಕಣ್ಣೀರು ಅದರಲ್ಲಿ ಸಿಕ್ಕದು.

ಆಡೆಲೆಯ ತಮ್ಮನೇ 1946ರಲ್ಲಿ ನೊಬೆಲ್ ಬಹುಮಾನ ಹೊಂದಿದ ಹೆರ್ಮನ್ ಹೆಸ್ಸೆ. ಅವನು 1892ರಲ್ಲಿ, 14ರ ಪ್ರಾಯದಲ್ಲಿ, ಮೌಲ್‌ಬ್ರೊನ್ನಿನ ಸೆಮಿನರಿಯಿಂದ ಓಡಿಹೋದನು. ಅಜ್ಜನೂ ಕಲಿತದ್ದು ಅಲ್ಲಿಯೇ. ಹುಡುಗನು ನಡುಗುತ್ತಾ ಅಜ್ಜನ ಮುಂದೆ ನಿಂತಾಗ ಮುದುಕರು ಗದರಿಸದೆ, ಜಾಣರು ಮಾಡುವ ಒಂದು ಪುಟ್ಟ ಪ್ರಯಾಣ ಮಾಡಿ ಬಂದೆಯಂತೆ, ಎಂಬರ್ಥದ ಮಾತನ್ನು ನಗುತ್ತಾ ಆಡಿದರು. ಅರುವತ್ತು ವರುಷ ಕಳೆದ ಮೇಲೂ ಮೊಮ್ಮಗನು ಅದನ್ನು ಮರೆಯಲಿಲ್ಲ.

ಮಗಳಿಗೆ ಕಠಿಣನಾದ ತಂದೆ, ಮೊಮ್ಮಗನಿಗೆ ಮೃದುವಾದ ಅಜ್ಜ: ಇಬ್ಬರೂ ಒಬ್ಬರೇ. ಒಂದು ಕಾಗದವನ್ನು ಬಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸುವವನು ಅಜ್ಜನನ್ನು ಗೌರವಿಸಿದವನಲ್ಲ. ಸಮಾಧಿಯ ಕಲ್ಲಿನ ಮೇಲೆ ಒಳ್ಳೇದನ್ನೇ ಬರೆಯುವದು ವಾಡಿಕೆ; ದಿನಚರಿಯು ಸಮಾಧಿಯ ಕಲ್ಲಲ್ಲ.

ಹಾಗಾದರೆ ಬದಾಮಿ, ಗುಳೇದಗುಡ್ಡ, ಹುನಗುಂದದ ಕಡೆಯ ನಮ್ಮ ಮನೆಗಳಲ್ಲಿ ಏನು ಸಿಕ್ಕೀತು? ಬಹುಶಃ ದಿನಚರಿ ಸಿಕ್ಕದು. ನೇಕಾರನ ಲೆಕ್ಕದ ವಹಿ, ಸಾಲದ ಚೀಟಿ, ಪ್ರಸಂಗದ ಟಿಪ್ಪಣಿ, ಊರು ಬಿಟ್ಟ ಮಗನ ಪತ್ರ ಸಿಕ್ಕೀತು. ಹಳೇ ಲೆಕ್ಕಗಳು ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹುಡುಕಬೇಕು. ಕಾಗದಗಳು ಇದ್ದ ಕ್ರಮವನ್ನು ಕೆಡಿಸಬಾರದು, ಯಾಕಂದರೆ ಯಾವದು ಯಾವದರ ಜೊತೆಗೆ ಕಟ್ಟಲ್ಪಟ್ಟಿತ್ತೆಂಬದೂ ಒಂದು ಸುದ್ದಿಯೇ. ತಾರೀಖುಗಳನ್ನು ಸಭೆಯ ದೀಕ್ಷಾಸ್ನಾನದ ಮತ್ತು ಮರಣದ ದಫ್ತರಗಳೊಂದಿಗೆ ತಾಳೆ ನೋಡಬೇಕು. ಒಂದು ತಿಂಗಳ ಲೆಕ್ಕ ಬರೆಯದೆ ಬಿಟ್ಟಿದ್ದರೆ ಆ ತಿಂಗಳಲ್ಲಿ ಮನೆಯೊಳಗೆ ಯಾರು ಕಾಯಿಲೆ ಬಿದ್ದಿದ್ದರೆಂದು ಮುದುಕರನ್ನು ಕೇಳಬೇಕು, ಅವರು ಇರುವಾಗಲೇ.

ನಮ್ಮ ಅಜ್ಜನ ವಹಿಗಳು ಐದಿದ್ದವು. ಗೆದ್ದಲು ಹಿಡಿದವೆಂದು ಮೂರನ್ನು ಒಲೆಗೆ ಹಾಕಿದವರು ನಾವೇ; ಆಗ ನಮಗೆ ಹನ್ನೆರಡು ವರುಷ. ಉಳಿದ ಎರಡರಲ್ಲಿ ಒಂದು ಪುಟದ ಕೆಳಗೆ ನಮ್ಮ ತಂದೆಯ ಹೆಸರೂ, ಅದರ ಮುಂದೆ ಎಂಟು ಆಣೆಯೂ ಬರೆದದೆ. ಯಾತಕ್ಕಾಗಿ ಕೊಟ್ಟರೆಂಬದು ಮುಂದಿನ ವಹಿಯಲ್ಲಿ ಇತ್ತೋ ಏನೋ.