ಮನೆಯೊಳಗಿನ ಕಾಣದ ಹೊಗೆ: ಪತ್ತೆ ಮಾಡುವುದು ಹೇಗೆ?



ಕೋಟನೂರು, ಕಮಲಾಪುರಗಳ ಸುತ್ತಿನಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳುಗಳಿಂದ ಒಲೆ ಉರಿಸುವ ಮನೆಗಳು ಇಂದಿಗೂ ಉಂಟು. ರೊಟ್ಟಿ ಬಡಿಯುವ ತಾಯಿಯೂ ಆಕೆಯ ಮಗ್ಗುಲಲ್ಲಿರುವ ಕೂಸೂ ಆ ಹೊಗೆಯನ್ನೇ ಉಸಿರಾಡುತ್ತಾರೆ. ಉರಿ ಆರಿದೊಡನೆ ಹೊಗೆ ಹೋಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಹೊಗೆಯ ಅತಿ ಸಣ್ಣ ಭಾಗವು ಕಣ್ಣಿಗೆ ಕಾಣುವುದೇ ಇಲ್ಲ.

ಅತಿಸೂಕ್ಷ್ಮ ಕಣಗಳೆಂದರೇನು?

ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್. ಅದರ ಹತ್ತರಲ್ಲಿ ಒಂದು ಭಾಗಕ್ಕಿಂತ ಚಿಕ್ಕವಾದವು ಅತಿಸೂಕ್ಷ್ಮ ಕಣಗಳು. ಇವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಕೆಲವು ರಕ್ತವನ್ನೂ ಸೇರಬಲ್ಲವು. ಒಲೆಯ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ, ಹಿರಿಯರಿಗೆ ದೀರ್ಘಕಾಲದ ದಮ್ಮು, ಗರ್ಭಿಣಿಗೆ ಕಡಿಮೆ ತೂಕದ ಶಿಶುವಿನ ಜನನ ಇವುಗಳ ಅಪಾಯ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಎಣಿಸುವ ಯಂತ್ರ

ಕೈಯಲ್ಲಿ ಹಿಡಿದು ಒಯ್ಯಬಹುದಾದ ಕಣ ಎಣಿಕೆ ಯಂತ್ರವನ್ನು ಸಂಶೋಧಕರು ಬಳಸುತ್ತಾರೆ. ಅದು ಗಾಳಿಯನ್ನು ಒಳಗೆಳೆದು ಆಲ್ಕೊಹಾಲಿನ ಆವಿಯೊಡನೆ ಬೆರೆಸುತ್ತದೆ. ಎಲೆಯ ಮೇಲೆ ಇಬ್ಬನಿ ಕಟ್ಟುವಂತೆ ಪ್ರತಿ ಕಣದ ಮೇಲೂ ಆವಿಯು ತಣಿದು ಹನಿಯಾಗುತ್ತದೆ. ದೊಡ್ಡದಾದ ಆ ಹನಿಯನ್ನು ಬೆಳಕಿನ ಕಿರಣದಿಂದ ಎಣಿಸಲಾಗುತ್ತದೆ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಒಂದು ಗಂಟೆಯ ಸರಾಸರಿ ಎಣಿಕೆಯು 20,000 ಮೀರಿದರೆ ಅದು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿತು.

ಯಂತ್ರ ಹಿಡಿದವರು ಮೊದಲು ಅಂಗಳದ ಗಾಳಿಯನ್ನು ಅಳೆಯುತ್ತಾರೆ. ಅನಂತರ ಒಲೆ ಹಚ್ಚುವ ಮೊದಲು, ಹಚ್ಚಿದಾಗ, ಆರಿದ ಮೇಲೆ ಅಡುಗೆಮನೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಅಳೆಯುತ್ತಾರೆ. ಎಣಿಕೆ ಏರಿದ ಕಡೆ ಮೂಲವು ಹತ್ತಿರವಿದೆ ಎಂದು ತಿಳಿಯಬೇಕು. ಊದುಬತ್ತಿ, ಸೊಳ್ಳೆಬತ್ತಿ, ಬೀಡಿಗಳಷ್ಟೇ ಅಲ್ಲ, ಹೊಗೆ ಕಾಣದ ಗ್ಯಾಸ್ ಒಲೆ ಮತ್ತು ಕಾದ ಎಣ್ಣೆಯಿಂದಲೂ ಇಂಥ ಕಣಗಳು ಹುಟ್ಟುತ್ತವೆ. ಆದುದರಿಂದ ಗ್ಯಾಸ್ ಬಂದ ಮನೆಗೂ ಕಿಟಕಿ ಬೇಕು.

ಯಂತ್ರವಿಲ್ಲದವರು ಏನು ಮಾಡಬೇಕು?

ಇದೇ ಕ್ರಮದಲ್ಲಿ ನೀವೂ ಹುಡುಕಬಹುದು. ತೊಲೆಗೆ ಮಸಿ ಎಲ್ಲಿ ಕಟ್ಟಿದೆ? ಕೌದಿಗೆ ಹೊಗೆಯ ವಾಸನೆ ಇದೆಯೇ? ಒಲೆ ಹಚ್ಚಿದಾಗ ಮಗು ಕೆಮ್ಮುವುದೇ? ಹೊಗೆಯ ದಾರಿ ತಿಳಿದರೆ ಅದನ್ನು ತಡೆಯುವುದು ಸುಲಭ.

ಹೊಸ ಒಲೆ ತಂದಮಾತ್ರಕ್ಕೆ ಕೆಲಸ ಮುಗಿಯದು. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಸುಧಾರಿತ ಒಲೆಗಳನ್ನು ಕೊಟ್ಟು ಗಾಳಿಯನ್ನು ಅಳೆದ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಅನೇಕರು ಹೊಸದರ ಜೊತೆಗೆ ಹಳೆಯ ಒಲೆಯನ್ನೂ ಉರಿಸುತ್ತಿದ್ದರು, ನಿರೀಕ್ಷಿಸಿದಷ್ಟು ಪ್ರಯೋಜನವಾಗಲಿಲ್ಲ.

ಬಾಣಂತಿಯ ಕೋಣೆ

ಬಾಣಂತಿಯ ಮಂಚದ ಕೆಳಗೆ ಕೆಂಡವಿಟ್ಟು ಬಾಗಿಲು ಮುಚ್ಚುವ ಪದ್ಧತಿ ಕೆಲವೆಡೆ ಇದೆ. ಹಿರಿಯರ ಉದ್ದೇಶ ಒಳ್ಳೆಯದೇ. ತಾಯಿ, ಮಗು ಬೆಚ್ಚಗಿರಬೇಕು. ಆದರೆ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ ಎಣಿಸುವ ಯಂತ್ರಕ್ಕೂ ಅದು ಸಿಕ್ಕುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆಯಬಲ್ಲದು. ಕೂಸನ್ನು ತಾಯಿಯ ಎದೆಗೆ ಒರಗಿಸಿ, ಕೌದಿ ಹೊದಿಸಿ ಬೆಚ್ಚಗಿಡಿರಿ.

ನೆನಪಿಡಿರಿ

1. ಅಡುಗೆ ಮಾಡುವಾಗ ಕಿಟಕಿ, ಬಾಗಿಲು ತೆರೆದಿಡಿರಿ.
2. ಸಾಧ್ಯವಾದರೆ ಗ್ಯಾಸಿನಲ್ಲಿಯೇ ಅಡುಗೆ ಮಾಡಿರಿ. ಕಟ್ಟಿಗೆಯ ಒಲೆಯಾದರೆ ಒಣಗಿದ ಕಟ್ಟಿಗೆ, ಹೊಗೆಕೊಳವೆ ಇರಲಿ.
3. ಗರ್ಭಿಣಿ ಮತ್ತು ಕೂಸು ಒಲೆಯಿಂದ ದೂರವಿರಲಿ.
4. ಮನೆಯೊಳಗೆ ಬೀಡಿ ಸೇದಬಾರದು.
5. ಮಗುವಿಗೆ ಏದುಸಿರು, ಪಕ್ಕೆ ಒಳಸೆಳೆತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ಪತಿಯಾದವನು ಇದು ಹೆಂಗಸರ ಕೆಲಸವೆಂದು ಬಿಡಬಾರದು. ಗೋಡೆಯಲ್ಲಿ ಕಿಟಕಿ ತೆಗೆಸುವುದು, ಸಿಲಿಂಡರ್ ತುಂಬಿಸಿ ತರುವುದು ಅವನ ಹೊಣೆಯೂ ಹೌದು.