ಅಜ್ಜಿಯ ಕಣ್ಣಿನ ಹನಿ

ತಳಿಯ ಹತ್ತಿರ ಒಂದು ಹಳ್ಳಿ. ಅಲ್ಲಿ ಪುಟ್ಟಿಯ ಮನೆ ಇದೆ. ಪುಟ್ಟಿ ಐದನೆಯ ತರಗತಿಯಲ್ಲಿ ಓದುತ್ತಾಳೆ. ಅವಳ ಅಪ್ಪ ಗುಲಾಬಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಅಜ್ಜಿ ಮನೆಯಲ್ಲಿ ರಾಗಿ ಕೇರುತ್ತಾ ಮೊಮ್ಮಗಳಿಗೆ ಕಥೆ ಹೇಳುತ್ತಾರೆ.

ಕೆಲವು ದಿನಗಳಿಂದ ಅಜ್ಜಿಯ ಭುಜ ಬಾಗಿಲಿಗೆ ತಾಗುತ್ತಿತ್ತು. ಪಕ್ಕದಿಂದ ಕರು ಓಡಿ ಬಂದರೆ ಅವರಿಗೆ ಕಾಣುತ್ತಿರಲಿಲ್ಲ. ಎದುರಿಗೆ ಇರುವುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕಣ್ಣಿನಲ್ಲಿ ನೋವೂ ಇರಲಿಲ್ಲ. ಅಪ್ಪ ಅಜ್ಜಿಯನ್ನು ಹೊಸೂರಿನ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಪುಟ್ಟಿಯೂ ಜೊತೆಗೆ ಹೋದಳು.

ವೈದ್ಯರು ಪರೀಕ್ಷೆ ಮಾಡಿ ಹೇಳಿದರು: “ಇದು ಗ್ಲಾಕೋಮಾ. ಕಣ್ಣಿನ ಒಳಗೆ ನೀರಿನಂಥ ದ್ರವ ಸದಾ ಊರುತ್ತದೆ. ಅದು ಕಣ್ಣೀರಲ್ಲ. ಸಣ್ಣ ದಾರಿಯಲ್ಲಿ ಅದು ಹೊರಗೆ ಹೋಗಬೇಕು. ಕೆರೆಗೆ ನೀರು ಬರುತ್ತಲೇ ಇದ್ದು, ತೂಬು ಕಟ್ಟಿಕೊಂಡರೆ ಏನಾಗುತ್ತದೆ ಪುಟ್ಟಿ?”

“ಏರಿಯ ಮೇಲೆ ಒತ್ತಡ ಬೀಳುತ್ತದೆ” ಎಂದಳು ಪುಟ್ಟಿ.

“ಕಣ್ಣಿನಲ್ಲೂ ಹಾಗೆಯೇ. ಒತ್ತಡದಿಂದ ಕಣ್ಣಿನ ನರ ಹಾಳಾಗುತ್ತದೆ. ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಹೋಗುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ. ಈ ಹನಿ ಒತ್ತಡವನ್ನು ಇಳಿಸಿ, ಉಳಿದ ನೋಟವನ್ನು ಕಾಯುತ್ತದೆ. ಪ್ರತಿ ರಾತ್ರಿ ತಪ್ಪದೆ ಹಾಕಬೇಕು.”

“ನನ್ನ ಕೈ ನಡುಗುತ್ತದಲ್ಲ ಸ್ವಾಮಿ” ಎಂದರು ಅಜ್ಜಿ.

ದಾದಿ ನಕ್ಕು ಹೇಳಿದರು: “ಅದಕ್ಕೆ ನಾಚಿಕೆ ಬೇಡ ಅಜ್ಜಿ. ಮದುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯನ್ನು 11 ಹಾಸಿಗೆಗಳಿಂದ ಆರಂಭಿಸಿದವರು ಡಾ. ಜಿ. ವೆಂಕಟಸ್ವಾಮಿ. ಕೀಲುವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆದರೂ ಅಭ್ಯಾಸ ಮಾಡಿ, ಸಾವಿರಾರು ಜನರ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನೀವೂ ಅಭ್ಯಾಸ ಮಾಡಿ. ಆಗದಿದ್ದರೆ ಮನೆಯ ದೊಡ್ಡವರು ಹಾಕಲಿ.” ಆಮೇಲೆ ಹನಿ ಹಾಕುವ ಕ್ರಮವನ್ನು ತೋರಿಸಿದರು.

1. ಸೋಪಿನಿಂದ ಕೈ ತೊಳೆಯಿರಿ. ಸೀಸೆಯ ಮೇಲಿನ ಹೆಸರು ಮತ್ತು ದಿನಾಂಕವನ್ನು ಓದಿರಿ.
2. ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳ ರೆಪ್ಪೆಯನ್ನು ಮೆಲ್ಲಗೆ ಎಳೆಯಿರಿ.
3. ಒಂದೇ ಹನಿ ಹಾಕಿರಿ. ಸೀಸೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು.
4. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿರಿ.
5. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಕಾಯಿರಿ.
6. ಸೀಸೆ ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಎಷ್ಟು ದಿನ ಬಳಸಬಹುದೆಂದು ವೈದ್ಯರನ್ನು ಕೇಳಿರಿ. ಮಕ್ಕಳ ಕೈಗೆ ಸಿಗದಂತೆ ಇಡಿರಿ.

ಒಂದು ದಿನ ಪಕ್ಕದ ಮನೆಯ ಅತ್ತೆ ಬಂದರು. ಅವರ ಕಣ್ಣು ಕೆಂಪಾಗಿತ್ತು. “ನಿಮ್ಮ ಹನಿಯನ್ನು ನನಗೂ ಸ್ವಲ್ಪ ಹಾಕಿ” ಎಂದರು. ಅಜ್ಜಿ ಒಪ್ಪಲಿಲ್ಲ. “ಇದು ನನ್ನ ಕಾಯಿಲೆಗೆ ಕೊಟ್ಟದ್ದು. ಇಂಥ ಕೆಲವು ಹನಿಗಳು ಉಬ್ಬಸ ಇರುವವರಿಗೆ ಅಪಾಯವಂತೆ. ನೀನೂ ವೈದ್ಯರಿಗೆ ತೋರಿಸಮ್ಮ” ಎಂದರು.

ಆದರೆ ಎರಡು ತಿಂಗಳಾದ ಮೇಲೆ ಅಜ್ಜಿಯೇ ಹನಿ ಹಾಕುವುದನ್ನು ಬಿಟ್ಟರು. “ನೋವಿಲ್ಲ. ಕಣ್ಣು ಮೊದಲಿಗಿಂತ ಹೆಚ್ಚಾಗಿಯೂ ಕಾಣುವುದಿಲ್ಲ. ಸುಮ್ಮನೆ ದುಡ್ಡು ಖರ್ಚು” ಎಂದರು.

ಪುಟ್ಟಿ ಯೋಚಿಸಿ ಕೇಳಿದಳು: “ಅಜ್ಜೀ, ವಾಡೆಯ ರಾಗಿಯನ್ನು ಇಲಿ ತಿಂದರೆ ಅದು ಮರಳಿ ಬರುತ್ತದೆಯೇ?”

“ಇಲ್ಲ.”

“ಹಾಗೆಂದು ಉಳಿದ ರಾಗಿಗೆ ಮುಚ್ಚಳ ಹಾಕದೆ ಬಿಡುತ್ತೀಯಾ?”

ಅಜ್ಜಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, “ಸೀಸೆ ಎಲ್ಲಿದೆ ನೋಡು ಮಗಾ” ಎಂದರು. ಅಂದು ರಾತ್ರಿ ಅಪ್ಪ ಹನಿ ಹಾಕಿದರು. ಪುಟ್ಟಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು.

ಮುಂದಿನ ಸಲ ವೈದ್ಯರು ಪರೀಕ್ಷೆ ಮಾಡಿ, “ಒತ್ತಡ ಇಳಿದಿದೆ. ಹನಿ ಹಾಕುವುದನ್ನು ನೀವಾಗಿಯೇ ನಿಲ್ಲಿಸಬೇಡಿ” ಎಂದರು. ಆಮೇಲೆ ಅಪ್ಪನ ಕಡೆಗೆ ತಿರುಗಿ, “ಇದು ಮನೆತನದಲ್ಲಿ ಬರುವ ಸಾಧ್ಯತೆ ಇದೆ. ಬನ್ನಿ, ನಿಮ್ಮ ಕಣ್ಣನ್ನೂ ನೋಡೋಣ” ಎಂದರು.

ಪದಗಳ ಅರ್ಥ
ತೂಬು – ಕೆರೆಯ ನೀರು ಹೊರಗೆ ಹೋಗುವ ದಾರಿ
ಏರಿ – ಕೆರೆಯ ಕಟ್ಟೆ
ವಾಡೆ – ಧಾನ್ಯ ತುಂಬಿಡುವ ದೊಡ್ಡ ಮಡಕೆ
ಉಬ್ಬಸ – ಉಸಿರಾಟದ ತೊಂದರೆ

ಪ್ರಶ್ನೆಗಳು
1. ಅಜ್ಜಿಗೆ ಕರು ಏಕೆ ಕಾಣುತ್ತಿರಲಿಲ್ಲ?
2. ಪಕ್ಕದ ಮನೆಯ ಅತ್ತೆಗೆ ಅಜ್ಜಿ ಹನಿ ಏಕೆ ಕೊಡಲಿಲ್ಲ?
3. ಪುಟ್ಟಿ ರಾಗಿಯ ಮಾತನ್ನು ಏಕೆ ಹೇಳಿದಳು?

ಮಾಡಿ ನೋಡು
ನಿನ್ನ ಮನೆಯ ಹಿರಿಯರು ಕಣ್ಣಿನ ಪರೀಕ್ಷೆ ಮಾಡಿಸಿದ್ದಾರೆಯೇ? ಕೇಳಿ ಬರೆ.