ನೆಪಗಳ ಲೆಕ್ಕ ಪರಿಶೋಧನೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಬೇರೆಯವರಿಗೆ ಅನ್ವಯಿಸುವುದು ಸುಲಭ. ಆದರೆ ವ್ಯಾಪಾರದಲ್ಲಿ ನೆಲ ಎಷ್ಟೋ ಸಲ ನಿಜಕ್ಕೂ ಡೊಂಕಾಗಿಯೇ ಇರುತ್ತದೆ. ಬಂಡವಾಳ ಕಡಿಮೆ, ಪೈಪೋಟಿ ಹೆಚ್ಚು, ಬಾಕಿ ವಸೂಲಿ ಕಷ್ಟ. ಇವು ಯಾವುವೂ ಸುಳ್ಳಲ್ಲ. ಡೊಂಕು ಎಷ್ಟೆಂದು ಅಳೆದು ನೋಡಿದವರು ಮಾತ್ರ ವಿರಳ. ಕಾರಣಕ್ಕೂ ನೆಪಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಕಾರಣವನ್ನು ಅಂಕಿಗಳಲ್ಲಿ ಬರೆಯಬಹುದು; ಬರೆದೊಡನೆ ಮುಂದೆ ಮಾಡಬೇಕಾದುದು ಗೋಚರಿಸುತ್ತದೆ. ನೆಪವಾದರೋ ಪರಿಶೀಲನೆಗೆ ಮೊದಲೇ ಖಾತೆಯನ್ನು ಮುಚ್ಚಿಬಿಡುತ್ತದೆ. ನೂರು ರೂಪಾಯಿಯ ಹಮಾಲಿಗೂ ವೋಚರ್ ಕೇಳುವ ವರ್ತಕ, 'ಇದು ನಮ್ಮಿಂದಾಗದು' ಎಂಬ ತನ್ನದೇ ಮಾತಿಗೆ ಯಾವ ಪುರಾವೆಯನ್ನೂ ಕೇಳುವುದಿಲ್ಲ.

'ನಮ್ಮ ಜನ ಹೊಸದನ್ನು ಕೊಳ್ಳುವುದಿಲ್ಲ' ಎಂಬ ಮಾತಿಗೆ ಬೆಳಗಾವಿಯ ಇತಿಹಾಸದಲ್ಲಿಯೇ ಉತ್ತರವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದರು. ಮುಂದೆ ಅವರು ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಬಳಿಕ ಬೆಳಗಾವಿಯ ಜಾಗವನ್ನೂ ಬಿಡಬೇಕಾಯಿತು. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಗ್ರಾಹಕರಿಲ್ಲ, ಜಾಗವಿಲ್ಲ ಎಂಬ ಎರಡು ಮಾತುಗಳೂ ಅವರ ಮಟ್ಟಿಗೆ ಅಕ್ಷರಶಃ ಸತ್ಯವಾಗಿದ್ದವು. ಆದರೂ ಅವರು ಅವುಗಳನ್ನು ಕೊನೆಯ ಮಾತೆಂದು ಸ್ವೀಕರಿಸಲಿಲ್ಲ.

ಇಂದಿನ ಸಣ್ಣ ಉತ್ಪಾದಕರಲ್ಲಿ ಅತಿ ಹೆಚ್ಚು ಕೇಳಿಬರುವ, ಅತಿ ದುಬಾರಿಯಾದ ನೆಪ ಬೇರೆಯದು: 'ಬಾಕಿ ಕೇಳಿದರೆ ಪಾರ್ಟಿ ಕೈತಪ್ಪುತ್ತದೆ.' ಇದರ ಬೆಲೆಯನ್ನು ಒಂದು ಉದಾಹರಣೆಯಿಂದ ಲೆಕ್ಕ ಹಾಕಬಹುದು. 6 ಲಕ್ಷ ರೂಪಾಯಿಯ ಮಾಲಿನ ಮೇಲೆ ಶೇ. 5ರಂತೆ 30,000 ರೂಪಾಯಿ ಲಾಭವಿದೆ ಎಂದಿಟ್ಟುಕೊಳ್ಳೋಣ. ಹಣ 120 ದಿನ ತಡವಾಗಿ ಬಂದು, ಅಷ್ಟು ದಿನವೂ ಅದೇ ಮೊತ್ತವನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಶೇ. 12ರ ಬಡ್ಡಿಯಲ್ಲಿ ತೆಗೆದಿದ್ದರೆ, ಬಡ್ಡಿಯೇ ಸುಮಾರು 23,670 ರೂಪಾಯಿ. ಉಳಿಯುವುದು 6,330. ಸಂಕೋಚಕ್ಕೆ ಲಾಭದ ಮುಕ್ಕಾಲು ಪಾಲಿಗಿಂತ ಹೆಚ್ಚು ವ್ಯಯವಾಯಿತು. ಲಾಭ-ನಷ್ಟ ಪತ್ರಿಕೆಯಲ್ಲಿ ಅದು ಸಂಕೋಚವೆಂದಲ್ಲ, ಬ್ಯಾಂಕ್ ಬಡ್ಡಿ ಎಂದು ಕಾಣಿಸಿಕೊಳ್ಳುತ್ತದೆ.

ಕಾನೂನು ಈ ವಿಷಯದಲ್ಲಿ ಸಣ್ಣವರ ಪರವಾಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆದ ಮಾಲಿಗೆ, ಲಿಖಿತ ಕರಾರು ಇಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಲ್ಲದೆ, 2023ರ ಹಣಕಾಸು ಕಾಯಿದೆಯ ಬದಲಾವಣೆಯಿಂದಾಗಿ, ಈ ಅವಧಿ ಮೀರಿ ವರ್ಷಾಂತ್ಯವನ್ನೂ ದಾಟಿದ ಬಾಕಿಯನ್ನು ಖರೀದಿದಾರರು ಆ ವರ್ಷದ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ಹೀಗಾಗಿ ನೆನಪಿನ ಪತ್ರ ಬರೆಯುವುದು ಜಗಳವಲ್ಲ, ಪಾರ್ಟಿಗೂ ಉಪಕಾರವೇ. ಇದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಆಧಾರ್ ಮತ್ತು ಪಾನ್ ಸಾಕು, ದಾಖಲೆಗಳ ಕಟ್ಟು ಬೇಡ. ಸರಬರಾಜಿಗೆ ಮೊದಲೇ ನೋಂದಾಯಿಸಿ, ಬಿಲ್ಲಿನ ಮೇಲೆ ಸಂಖ್ಯೆಯನ್ನು ಮುದ್ರಿಸುವುದು ಕ್ಷೇಮ. ವರ್ತಕರು ಒಂದು ಮಾತನ್ನು ಗಮನಿಸಬೇಕು: 2021ರ ಜುಲೈನಿಂದ ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆತಿದೆಯಾದರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತ, ತಡಪಾವತಿಯ ರಕ್ಷಣೆ ಅವರಿಗಿಲ್ಲ. ಅವರು ಬಿಲ್ಲಿನಲ್ಲಿಯೇ ಅವಧಿ ಮತ್ತು ಬಡ್ಡಿಯ ಷರತ್ತನ್ನು ನಮೂದಿಸಿ, ಪಾರ್ಟಿಯ ಲಿಖಿತ ಒಪ್ಪಿಗೆ ಪಡೆಯಬೇಕು.

ಒಬ್ಬನೇ ಖರೀದಿದಾರನಿಗೆ ಮಾಲಿನ ಮುಕ್ಕಾಲು ಪಾಲು ಹೋಗುತ್ತಿದ್ದರೆ? ಆಗ ಪಾರ್ಟಿ ಕೈತಪ್ಪುವ ಭಯ ನೆಪವಲ್ಲ, ಕಾರಣ. ಅದಕ್ಕೆ ಮದ್ದು ಬಾಕಿ ಕೇಳದಿರುವುದಲ್ಲ, ಎರಡನೆಯ ಖರೀದಿದಾರನನ್ನು ಹುಡುಕುವುದು.

'ಜಾಮೀನಿಲ್ಲ, ಬ್ಯಾಂಕ್ ಸಾಲ ಕೊಡದು' ಎನ್ನುವವರಲ್ಲಿ ಎಷ್ಟು ಮಂದಿ ಲಿಖಿತ ಅರ್ಜಿ ಸಲ್ಲಿಸಿದ್ದಾರೆ? ಕೌಂಟರಿನಲ್ಲಿ ಕೇಳಿದ ಬಾಯಿಮಾತು ನಿರಾಕರಣೆಯಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ನಿಗದಿತ ಮಿತಿಯವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಅದಕ್ಕೂ ಮೇಲ್ಪಟ್ಟ ಮೊತ್ತಕ್ಕೆ, ಕೇಂದ್ರ ಸರ್ಕಾರ ಮತ್ತು ಸಿಡ್ಬಿ 2000ದಲ್ಲಿ ಸ್ಥಾಪಿಸಿದ ಸಾಲ ಖಾತರಿ ನಿಧಿಯ ಆಸರೆಯಿದೆ. ಖಾತರಿ ಎಂದರೆ ಸಬ್ಸಿಡಿಯಲ್ಲ. ಶುಲ್ಕವೂ ಉಂಟು, ಸಾಲ ತೀರಿಸುವ ಹೊಣೆಯೂ ಉಂಟು. ಲೆಕ್ಕಪತ್ರಗಳು ಅಚ್ಚುಕಟ್ಟಾಗಿಲ್ಲದಿದ್ದರೆ ಈ ಬಾಗಿಲೂ ತೆರೆಯದು, ಆದರೆ ಆಗ ಸರಿಪಡಿಸಬೇಕಾದದ್ದು ಲೆಕ್ಕಪತ್ರ.

ಸಮಯವಿಲ್ಲ, ವಯಸ್ಸಾಯಿತು, ಇಂಗ್ಲಿಷ್ ಬಾರದು ಎಂಬಂಥವು ಬಿಡಿ ನಮೂದುಗಳು. ಇವುಗಳನ್ನೂ ಸೇರಿಸಿ ಒಂದು ತಿಂಗಳು ಪ್ರತ್ಯೇಕ ಪುಸ್ತಕವನ್ನಿಡಬಹುದು. ಎಡಪುಟದಲ್ಲಿ, 'ಆಗದು' ಎಂದು ಅಂದಂದು ಆಡಿದ ಮಾತು. ಬಲಪುಟದಲ್ಲಿ, ಅದಕ್ಕಿರುವ ಪುರಾವೆ: ಬ್ಯಾಂಕಿನ ಪತ್ರ, ಗ್ರಾಹಕರ ಉತ್ತರ, ಖರ್ಚಿನ ಅಂದಾಜು. ತಿಂಗಳ ಕೊನೆಗೆ ಬಲಪುಟ ಖಾಲಿಯಿರುವ ಪ್ರತಿ ಸಾಲಿನ ಮುಂದೆ ಮಾಡಬೇಕಾದ ಒಂದು ಕೆಲಸವನ್ನೂ ಒಂದು ದಿನಾಂಕವನ್ನೂ ಬರೆಯಬೇಕು. ಮೊದಲ ಸಾಲು ಬಹುಶಃ ಹಳೆಯ ಬಾಕಿಯದೇ ಆಗಿರುತ್ತದೆ. ಅದರ ನೆನಪಿನ ಪತ್ರವನ್ನು ಅಂದೇ ರವಾನಿಸಬಹುದು.